ಸಂಪಾದಕರ ಉತ್ತರ: ರಬ್ಬರ್ ತೋಳಿಗೆ ನೋವಾಗುವುದಿಲ್ಲ

(ಕಾಮಾಕ್ಷಿಪಾಳ್ಯದಿಂದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯೊಬ್ಬರು ಬರೆದಿದ್ದಾರೆ: ‘ಪಿಯುಸಿ ಮುಗಿಸಿದ ಮಗಳನ್ನು ಆರು ತಿಂಗಳ ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿಗೆ ಸೇರಿಸಿದ್ದೇನೆ. ಮೂರು ತಿಂಗಳಿಂದ ಪಾಠವೆಲ್ಲ ಪರದೆಯ ಮೇಲೆಯೇ. ಬಿಪಿ ಉಪಕರಣ ಮುಟ್ಟಿದ್ದು ಒಂದೇ ಸಲವಂತೆ. ಕೇಳಿದರೆ, ಕೆಲಸಕ್ಕೆ ಸೇರಿದ ಮೇಲೆ ತಾನಾಗಿಯೇ ಬರುತ್ತದೆ ಎನ್ನುತ್ತಾರೆ. ನಿಜವೇ? ಈ ಸರ್ಟಿಫಿಕೇಟಿನಿಂದ ಅವಳು ನರ್ಸ್ ಆಗಬಹುದೇ?’)

ತಾಯಿ, ಎರಡನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಆಗುವುದಿಲ್ಲ. ಅದಕ್ಕೆ 3 ವರ್ಷದ ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಅಥವಾ 4 ವರ್ಷದ ಬಿಎಸ್ಸಿ ನರ್ಸಿಂಗ್ ಓದಿ, ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆರು ತಿಂಗಳ ಕೋರ್ಸು ಸಹಾಯಕಿಯ ಕೆಲಸಕ್ಕೆ. ಅದೇನೂ ಕೀಳಲ್ಲ. ಆದರೆ ಕೆಲವು ಸಂಸ್ಥೆಯವರು ಈ ವ್ಯತ್ಯಾಸವನ್ನು ಮೆಲುದನಿಯಲ್ಲಿ ಹೇಳುತ್ತಾರೆ, ಶುಲ್ಕವನ್ನು ಮಾತ್ರ ಜೋರಾಗಿ.

ಇನ್ನು ‘ತಾನಾಗಿಯೇ ಬರುತ್ತದೆ’ ಎಂಬ ಮಾತು. ಕೆಲಸಕ್ಕೆ ಸೇರಿದ ಮೊದಲ ದಿನವೇ ನಿಮಗೆ ಆರ್ಡರಿನ ಬಟ್ಟೆ ಕೊಟ್ಟು ಹೊಲಿಯಲು ಬಿಟ್ಟರೇ? ತುಂಡುಬಟ್ಟೆ ಕೊಟ್ಟು, ಬಲ್ಲವರೊಬ್ಬರು ಪಕ್ಕದಲ್ಲಿ ನಿಂತಿದ್ದಿರಬೇಕು. ತಪ್ಪೂ ತಾನಾಗಿಯೇ ಬರುತ್ತದೆ, ಬಂದದ್ದು ಬೇಗ ಬಿಟ್ಟುಹೋಗುವುದಿಲ್ಲ.

ಕಳೆದ ವರ್ಷ ಕ್ಲಿನಿಕ್ಕೊಂದಕ್ಕೆ ಹೋಗಿದ್ದೆ. ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ ನನ್ನನ್ನು ಸಹಾಯಕಿ ಸ್ಟೂಲಿನ ಮೇಲೆ ಕೂರಿಸಿ, ಅಂಗಿಯ ತೋಳಿನ ಮೇಲೆಯೇ ಬಿಪಿ ಉಪಕರಣದ ಪಟ್ಟಿ ಸುತ್ತಿ, ‘ನಿಮ್ಮ ಊರು ಯಾವುದು’ ಎಂದು ವಿಚಾರಿಸುತ್ತಲೇ ಗಾಳಿ ತುಂಬಿದಳು. ಕೈ ಜೋತುಬಿದ್ದಿತ್ತು. 156/94 ಎಂದು ಚೀಟಿಯಲ್ಲಿ ಬರೆದಳು. ವೈದ್ಯರು ಐದು ನಿಮಿಷ ಸುಮ್ಮನೆ ಕೂರಿಸಿ, ಬರಿದೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿಸಿ ನೋಡಿದಾಗ 132/82. ಅವರಿಗೆ ಆ ಚೀಟಿಯ ಮೇಲೆ ಅನುಮಾನ ಬಂದದ್ದು ನನ್ನ ಪುಣ್ಯ. ಹುಡುಗಿಯನ್ನು ದೂರಲಾರೆ. ಬೆನ್ನಿಗೆ ಒರಗು ಬೇಕು, ಪಾದ ನೆಲಕ್ಕೆ ತಾಗಿರಬೇಕು, ಮಾತಾಡಿಸಬಾರದು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಏರಿಬಿಡುತ್ತದೆ ಎಂದು ಅವಳ ಕೈ ಹಿಡಿದು ತಿದ್ದಿದವರು ಇದ್ದಂತೆ ಕಾಣಲಿಲ್ಲ.

ರಕ್ತ ತೆಗೆಯುವುದನ್ನು ರಬ್ಬರ್ ತೋಳಿನ ಮೇಲೆ ಕಲಿಸುವುದು ಸರಿಯಾದ ಆರಂಭವೇ. ಆದರೆ ಅದು ಚುಚ್ಚುವಾಗ ಸೆಟೆದುಕೊಳ್ಳುವುದಿಲ್ಲ, ಅದರ ರಕ್ತನಾಳ ಜಾರುವುದಿಲ್ಲ, ಅದಕ್ಕೆ ತಲೆ ಸುತ್ತುವುದಿಲ್ಲ. ರಕ್ತನಾಳ ಉಬ್ಬಲೆಂದು ತೋಳಿಗೆ ಬಿಗಿದ ಪಟ್ಟಿಯನ್ನು ಒಂದು ನಿಮಿಷದೊಳಗೆ ಸಡಿಲಿಸುವುದು, ಟ್ಯೂಬಿನ ಮೇಲೆ ಹೆಸರನ್ನು ರೋಗಿಯ ಎದುರಿನಲ್ಲೇ ಬರೆಯುವುದು, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸದೆ ಸೂಜಿಗಳಿಗೆಂದೇ ಇಟ್ಟ ಬಿಳಿ ಡಬ್ಬಿಗೆ ಹಾಕುವುದು, ಇವೆಲ್ಲ ಇಪ್ಪತ್ತು ಮಂದಿ ಸಾಲಿನಲ್ಲಿ ನಿಂತು ಗೊಣಗುತ್ತಿರುವಾಗ ಕೈಗೆ ನೆನಪಿರಬೇಕು.

ಆದ್ದರಿಂದ ಸಂಸ್ಥೆಗೆ ಹೋಗಿ ಕೇಳಿ: ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ, ಯಾರ ಕಣ್ಣೆದುರು ಕಲಿಸುತ್ತೀರಿ? ಬರಹದಲ್ಲಿ ಕೊಡಲಿ. ಕೊಡದಿದ್ದರೆ, ನಾನಾಗಿದ್ದರೆ ಉಳಿದ ಕಂತು ಕಟ್ಟುತ್ತಿರಲಿಲ್ಲ. ಮಗಳಿಗೆ ಲ್ಯಾಬಿನ ಕೆಲಸದಲ್ಲಿ ಆಸಕ್ತಿಯಿದ್ದರೆ ಪ್ಯಾರಾಮೆಡಿಕಲ್ ಡಿಪ್ಲೊಮಾಗಳನ್ನೂ ವಿಚಾರಿಸಿ.

ಅಲ್ಲಿಯವರೆಗೆ ಅವಳು ದಿನವೂ ಸಂಜೆ ನಿಮ್ಮ ನಾಡಿ ಹಿಡಿದು ಎಣಿಸಲಿ. ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕಡೆ, ಎರಡು ಬೆರಳಿಟ್ಟು, ಪೂರ್ತಿ ಒಂದು ನಿಮಿಷ. ಆದರೆ ತನ್ನ ಹೆಬ್ಬೆರಳಿನಿಂದ ಒತ್ತಬಾರದು, ಒತ್ತಿದರೆ ಅವಳು ತನ್ನ ನಾಡಿಯನ್ನೇ ಎಣಿಸಿಬಿಟ್ಟಾಳು.