ಹೆಂಗಸರು ಎಲ್ಲಿ ಕುಳಿತಿದ್ದರು?

ಪ್ರಿಯರೇ,

ಮೊದಲ ಮಹಾಯುದ್ಧಕ್ಕೆ ಸಜ್ಜಾಗುತ್ತಿದ್ದ 1917ರ ಅಮೆರಿಕದ ತರಬೇತಿ ಶಿಬಿರಗಳಲ್ಲಿ ಸೈನಿಕರು ಬಿಡುವು ಕಳೆದ ಬಗೆಯನ್ನು ಕುರಿತ ನಿಮ್ಮ ಲೇಖನ ತಲುಪಿದೆ. ವಿಷಯ ಹೊಸದು, ಕಾಗುಣಿತ ಶುದ್ಧವಾಗಿದೆ. ಹೊಗಳಿಕೆ ಇಷ್ಟು ಸಾಕು.

'ಅನಿವಾರ್ಯ ಕಾರಣಗಳಿಂದ ಸರ್ಕಾರವು ಮನರಂಜನೆಗೆ ಒತ್ತು ನೀಡಿತು' ಎಂದಿದ್ದೀರಿ. ಅನಿವಾರ್ಯ ಕಾರಣ ಎನ್ನುವುದು ಮದುವೆಗೆ ಬಾರದವರು ಹೇಳುವ ಮಾತು. ಹಿಂದಿನ ವರ್ಷ ಮೆಕ್ಸಿಕೊ ಗಡಿಯಲ್ಲಿ ಬೀಡುಬಿಟ್ಟಿದ್ದ ಪಡೆಗಳನ್ನು ರೇಮಂಡ್ ಫಾಸ್ಡಿಕ್ ಎಂಬ ವಕೀಲರು ಸರ್ಕಾರದ ಪರವಾಗಿ ನೋಡಿ ಬಂದಿದ್ದರು. ಕವಾಯತು ಮುಗಿದ ಮೇಲೆ ಹುಡುಗರು ಹೋಗುತ್ತಿದ್ದದ್ದು ಹೆಂಡದಂಗಡಿಗೆ, ಇಲ್ಲವೇ ಸೂಳೆಗೇರಿಗೆ. ಗುಹ್ಯರೋಗ ಹಿಡಿದವನು ಯುದ್ಧಕ್ಕೆ ಒದಗುವುದಿಲ್ಲ. 1917ರ ಏಪ್ರಿಲ್‌ನಲ್ಲಿ ಫಾಸ್ಡಿಕ್ ಅಧ್ಯಕ್ಷತೆಯಲ್ಲೇ ತರಬೇತಿ ಶಿಬಿರಗಳ ಚಟುವಟಿಕೆಗಳ ಆಯೋಗ ಹುಟ್ಟಿತು. ಮೇ ತಿಂಗಳ ಕಾನೂನು, ಸಮವಸ್ತ್ರ ತೊಟ್ಟವನಿಗೆ ಮದ್ಯ ಮಾರಕೂಡದು ಎಂದಿತು. ಹಾಡು ಹೇಳಿಕೊಡುವವರು, ಬಾಕ್ಸಿಂಗ್ ಕಲಿಸುವವರು, ನಾಟಕಶಾಲೆಗಳು ಎಲ್ಲವೂ ಈ ಭಯದ ಬೆನ್ನಿಗೇ ಬಂದವು. ಇದೆಲ್ಲ ನಿಮಗೆ ಗೊತ್ತು, ನಿಮ್ಮ ಅಡಿಟಿಪ್ಪಣಿಯೇ ಹೇಳುತ್ತದೆ. ನಾಚಿಕೊಂಡು ಸೆರಗು ಮುಚ್ಚಿದ್ದೀರಿ.

ಮುಂದಿನ ವಾಕ್ಯ ಇನ್ನೂ ಕೆಟ್ಟದ್ದು: 'ಕುಟುಂಬದವರ ಭೇಟಿಗೂ ಅವಕಾಶ ಕಲ್ಪಿಸಲಾಗಿತ್ತು.' ಕಲ್ಪಿಸಿದವರು ಯಾರು? ಯುವತಿಯರ ಕ್ರೈಸ್ತ ಸಂಘವಾದ ವೈಡಬ್ಲ್ಯುಸಿಎಯ ಮಹಿಳೆಯರು. ಊರಿಂದ ರೈಲು ಹತ್ತಿ ಬಂದ ತಾಯಿಗೆ ಆ ಗಂಡಸರ ಬೀಡಿನಲ್ಲಿ ಕೂರಲು ಒಂದು ಕುರ್ಚಿ ಇರಲಿಲ್ಲ. ಆ ಮಹಿಳೆಯರು 'ಹೋಸ್ಟೆಸ್ ಹೌಸ್' ಎಂಬ ಅತಿಥಿಮನೆ ಕಟ್ಟಿಸಿ ಅಗ್ಗಿಷ್ಟಿಕೆ, ಊಟ, ಬಚ್ಚಲು ಒದಗಿಸಿದರು. ನಿಮ್ಮ 'ಕಲ್ಪಿಸಲಾಗಿತ್ತು' ಆ ಮನೆಯನ್ನೇ ನುಂಗಿಹಾಕಿತು.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಜಾತ್ರೆಯ ಕಂಪನಿ ನಾಟಕದ ವರದಿ ಬರೆದಿದ್ದೆ. 'ಪ್ರೇಕ್ಷಕರು ಕಿಕ್ಕಿರಿದು ನೆರೆದಿದ್ದರು' ಎಂಬ ಸಾಲಿನ ಕೆಳಗೆ ಹಿರಿಯರೊಬ್ಬರು ಪೆನ್ಸಿಲಿನ ತುದಿ ಒತ್ತಿಹಿಡಿದು, 'ಹೆಂಗಸರು ಎಲ್ಲಿ ಕುಳಿತಿದ್ದರು?' ಎಂದರು. ನಾನು ನೋಡಿರಲಿಲ್ಲ. ನೋಡಿದ್ದರೆ ಪಕ್ಕದ ಹಗ್ಗದಾಚೆ, ಚಾಪೆಯ ಮೇಲೆ, ಮಲಗಿದ ಮಕ್ಕಳನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದವರು ಕಾಣುತ್ತಿದ್ದರು. ಆ ಹಿರಿಯರು ವರದಿಯನ್ನು ಹಿಂದಿರುಗಿಸಿ ಚಹಾ ಕುಡಿಯಲು ಹೋದರು. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಅದೇ ಪ್ರಶ್ನೆಯನ್ನು ನಿಮ್ಮ ಕೊನೆಯ ಪ್ಯಾರಾಕ್ಕೂ ಕೇಳಿ. 'ಎಲ್ಲರೂ ಭೇದವಿಲ್ಲದೆ ಒಂದಾಗಿ ನಲಿದರು' ಎಂದು ಬರೆದಿದ್ದೀರಿ. ನ್ಯೂಯಾರ್ಕಿನ ಕ್ಯಾಂಪ್ ಅಪ್ಟನ್‌ನಲ್ಲಿ ಕಪ್ಪು ಸೈನಿಕರಿಗೂ ಅವರ ಮನೆಯವರಿಗೂ ಬೇರೆಯೇ ಹೋಸ್ಟೆಸ್ ಹೌಸ್ ಇತ್ತು.

ಲೇಖನ ವಾಪಸು ಕಳುಹಿಸುತ್ತಿದ್ದೇನೆ. ಆ ತಾಯಿ ರೈಲಿಳಿಯುವಲ್ಲಿಂದ ಶುರುಮಾಡಿ.