ಜಿಂಕೆಗೆ ಎಷ್ಟು ಈಡು? ಪೆನ್ಸಿಲ್ವೇನಿಯಾಕ್ಕೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಇಬ್ಬರು ವಾದಕ್ಕೆ ಬಿದ್ದರು, ಜಿಂಕೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಬಿಡಬೇಕೋ ಬೇಡವೋ ಅಂತ. ಅವರಲ್ಲೊಬ್ಬ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ನಮ್ಮ ಬೇಟೆ ಕ್ಯಾಂಪಿಗೆ ಬಾ ಅಂತ ನಿನ್ನನ್ನು ಕರೆದಿದ್ದಾನೆ. ಹೋಗಬಹುದಾ, ಕೋವಿ ಮುಟ್ಟಬಹುದಾ, ಆ ವಾದದಲ್ಲಿ ಯಾರ ಕಡೆ ನಿಲ್ಲಬೇಕು, ಇಲ್ಲಿಯವರಿಗೆಲ್ಲ ಬಂದೂಕಿನ ಹುಚ್ಚಾ ಅಂತ ಕೇಳಿದ್ದೀಯ. ನಿನ್ನದು ಹೊಸನಗರ ಸೀಮೆ, ನನ್ನದು ತೀರ್ಥಹಳ್ಳಿ ಕಡೆ. ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ವಾದ ಆಮೇಲೆ. ಮೊದಲು ನಿನ್ನ ವೀಸಾ ವಿಚಾರ. ನೀನು ಎಚ್-1ಬಿಯಲ್ಲಿ ಬಂದವನು. ಹೀಗೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ವಶದಲ್ಲಿ ಇಟ್ಟುಕೊಳ್ಳಬಾರದು ಅನ್ನುತ್ತದೆ ಇಲ್ಲಿನ ಕೇಂದ್ರ ಕಾನೂನು. ಅಂಗಡಿಯಲ್ಲಿ ಕೊಳ್ಳುವುದೊಂದೇ ಅಲ್ಲ ಮಾರಾಯ, ಗೆಳೆಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ 'ಹಿಡಿ, ಒಂದು ಹೊಡಿ' ಅಂತ ಕೈಗೆ ಕೊಟ್ಟದ್ದೂ ಅದರಲ್ಲೇ ಬರುತ್ತದೆ. ಕೊಟ್ಟವನಿಗೆ ಈ ಕಾನೂನು ಇರುವುದೇ ಗೊತ್ತಿರುವುದಿಲ್ಲ, ಅವನು ಪ್ರೀತಿಯಿಂದ ಕೊಡುತ್ತಾನೆ. ನಿನಗೆ ಉಪಯೋಗಕ್ಕೆ ಬರುವ ವಿನಾಯಿತಿ ಅಂದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಲೈಸೆನ್ಸ್ ತಗೊಳ್ಳುವವರು ಹಂಟರ್-ಟ್ರ್ಯಾಪರ್ ಎಜುಕೇಶನ್ ಅನ್ನುವ ಕೋರ್ಸು ಪಾಸಾಗಬೇಕು. ಗ್ರೀನ್ ಕಾರ್ಡ್ ಆದವರಿಗೆ ವೀಸಾದ ಈ ತೊಡಕು ಇಲ್ಲ. ನಾನು ಅದು ಕೈಗೆ ಬರುವವರೆಗೂ ಕ್ಯಾಂಪಿನಲ್ಲಿ ಕಾಫಿ ಕಾಸಿಕೊಂಡೇ ಇದ್ದೆ, ಯಾರೂ ಹೀಯಾಳಿಸಲಿಲ್ಲ. ಲೈಸೆನ್ಸ್ ಮಾಡಿಸುತ್ತೇನೆ ಅಂತಿದ್ದರೂ ನಿನ್ನ ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿಬಿಡು.

ಕೋವಿ ಮುಟ್ಟುವುದಿಲ್ಲ, ನಮ್ಮೂರಿನ ಹಾಗೆ ಹಳು ಸೋವಲಿಕ್ಕೆ ಮಾತ್ರ ಹೋಗುತ್ತೇನೆ ಅಂದರೂ ನಡೆಯುವುದಿಲ್ಲ. ಈ ರಾಜ್ಯದ ಕಾನೂನಿನಲ್ಲಿ ಬೇಟೆಗೆ ನೆರವಾಗುವುದೂ ಬೇಟೆಯೇ. ಪ್ರಾಣಿಯನ್ನು ಎಬ್ಬಿಸಿ ಬಿಲ್ಲಿಗೆ, ಅಂದರೆ ಕೋವಿ ಹಿಡಿದು ಕಾಯುವ ಜಾಗದಲ್ಲಿ, ಕೂತವರ ಕಡೆ ಓಡಿಸುವವನಿಗೂ ಲೈಸೆನ್ಸ್ ಬೇಕು. ಇಲ್ಲೂ ಸೋವುತ್ತಾರೆ, ಡ್ರೈವ್ ಅನ್ನುತ್ತಾರೆ. ಬೆಟ್ಟದ ಒಂದು ಮೈಯಿಂದ ಕೆಲವರು ಸಾಲಾಗಿ ಗದ್ದಲ ಮಾಡುತ್ತಾ ಬರುವುದು, ಇನ್ನೊಂದು ಕಡೆ ಕಂಡಿಯಲ್ಲಿ ಕೆಲವರು ಕೋವಿ ಹಿಡಿದು ಕಾಯುವುದು. ನಿಮ್ಮ ಅಜ್ಜನ ಕಾಲದವರು ನೋಡಿದರೆ ಏನನ್ನೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಆ ರೈಫಲ್ ಜಗಳ. ಊರಿನಲ್ಲಿ ಟಿವಿ ನೋಡಿಕೊಂಡು ಬಂದವರು ಸೆಮಿ ಆಟೊಮ್ಯಾಟಿಕ್ ಅಂದಕೂಡಲೇ ಟ್ರಿಗರ್ ಒತ್ತಿ ಹಿಡಿದರೆ ಗುಂಡಿನ ಸುರಿಮಳೆ ಅಂದುಕೊಳ್ಳುತ್ತಾರೆ. ಅದು ಮಷಿನ್‌ಗನ್. ಇದರಲ್ಲಿ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ಹಾರಿದ ಗುಂಡಿನ ಬಲವೇ ಖಾಲಿ ತೋಟಾವನ್ನು ಹೊರಗೆ ಎಸೆದು ಹೊಸದನ್ನು ಒಳಗೆ ತಳ್ಳುತ್ತದೆ, ಮತ್ತೆ ಎಳೆದರೆ ಮತ್ತೊಂದು. ಬೋಲ್ಟ್ ರೈಫಲ್ಲಿನಲ್ಲಿ ಆ ಕೆಲಸವನ್ನು ನಿನ್ನ ಕೈ ಮಾಡಬೇಕು. ಒಳಗಿನ ತೋಟಾ ಎರಡರದ್ದೂ ಒಂದೇ ಇರಬಹುದು, ಜಿಂಕೆಗೆ ತಗಲುವ ಪೆಟ್ಟಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಎರಡನೇ ಈಡಿನಲ್ಲಿ.

ಅಮೆರಿಕದ ಬಹುತೇಕ ರಾಜ್ಯಗಳು ಇದನ್ನು ಬೇಟೆಗೆ ಬಿಟ್ಟು ಬಹಳ ಕಾಲವಾಯಿತು. ಪೆನ್ಸಿಲ್ವೇನಿಯಾ ಮಾತ್ರ ಹಟ ಹಿಡಿದು ಕೂತಿತ್ತು. 2016ರ ಕೊನೆಗೆ ಶಾಸನಸಭೆ ಕಾನೂನು ತಿದ್ದಿ, ನಿರ್ಧಾರವನ್ನು ಬೇಟೆ, ವನ್ಯಜೀವಿ ವಿಚಾರ ನೋಡಿಕೊಳ್ಳುವ ಗೇಮ್ ಕಮಿಷನ್ನಿನ ಕೈಗೆ ಕೊಟ್ಟಿತು. ಅದರ ಮುಖ್ಯ ಕಚೇರಿ ನೀನಿರುವ ಹ್ಯಾರಿಸ್‌ಬರ್ಗಿನಲ್ಲೇ ಇದೆ. 2017ರ ಜನವರಿಯಲ್ಲಿ ಕಮಿಷನ್ನು ಜಿಂಕೆಯೂ ಸೇರಿದಂತೆ ಎಲ್ಲಕ್ಕೂ ಬಿಡೋಣ ಅಂತ ಮೊದಲ ಹಂತದ ಒಪ್ಪಿಗೆ ಕೊಟ್ಟಿತು. ಆಮೇಲೆ ಬೇಟೆ ಲೈಸೆನ್ಸ್ ಇದ್ದವರನ್ನೇ ಸಮೀಕ್ಷೆ ಮಾಡಿ ಕೇಳಿದರೆ, ದೊಡ್ಡ ಪ್ರಾಣಿಗಳಿಗೆ ಬೇಡ ಅಂದವರು ನೂರಕ್ಕೆ 64. ಬಂದೂಕು ವಿರೋಧಿಗಳಲ್ಲ, ಮನೆಯಲ್ಲಿ ಕೋವಿ ಇಟ್ಟುಕೊಂಡವರೇ ಹೇಳಿದ್ದು! ಮಾರ್ಚಿನಲ್ಲಿ ಕಮಿಷನ್ನು ಹಿಂದೆ ಸರಿಯಿತು. ಅಳಿಲು, ಮೊಲದಂಥ ಸಣ್ಣ ಬೇಟೆಗೆ .22 ಅಳತೆಯ ಅಥವಾ ಅದಕ್ಕಿಂತ ಸಣ್ಣ ಗುಂಡಿನದು ಆಗಬಹುದು, ನರಿ, ಕಯೋಟಿಯಂಥ ತುಪ್ಪಳದ ಪ್ರಾಣಿಗಳಿಗೂ ಆಗಬಹುದು, ಜಿಂಕೆ ಕರಡಿಗೆ ಬೇಡ ಅಂತಾಯಿತು. ನಿನ್ನ ಸಹೋದ್ಯೋಗಿಗಳ ಜಗಳ ಆಗಿನಿಂದ ನಡೆಯುತ್ತಾ ಬಂದದ್ದು.

ಬೇಕು ಅನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ತೋಳಿನಲ್ಲಿ ಬಲ ಕಮ್ಮಿಯಾದ ಮುದುಕರಿಗೆ ಬೋಲ್ಟ್ ಎಳೆಯುವುದು ಕಷ್ಟ. ಸೆಮಿ ಆಟೊಮ್ಯಾಟಿಕ್ ಭುಜಕ್ಕೆ ಒದೆಯುವುದೂ ಸ್ವಲ್ಪ ಕಮ್ಮಿ. ಮೊದಲ ಈಡು ಸರಿಯಾಗಿ ಬೀಳದೆ ಗಾಯವಾದ ಜಿಂಕೆಯನ್ನು ಒದ್ದಾಡಲು ಬಿಡದೆ ಬೇಗ ಮುಗಿಸಬಹುದು ಅಂತಲೂ ಹೇಳುತ್ತಾರೆ. ಇನ್ನೊಂದು ತಮಾಷೆ ಇದೆ: ಇಲ್ಲಿ ಹಿಡಿಯನ್ನು ಹಿಂದೆ ಮುಂದೆ ಎಳೆಯುವ ಪಂಪ್ ರೈಫಲ್ ಹಳೆಯ ಕಾಲದಿಂದ ಜನಪ್ರಿಯ. ಪಳಗಿದ ಕೈ ಅದರಲ್ಲಿ ಎಷ್ಟು ಬೇಗ ಹೊಡೆಯುತ್ತದೆ ಅಂದರೆ ಅದಕ್ಕೆ 'ಆಮಿಶ್ ಮಷಿನ್‌ಗನ್' ಅಂತಲೇ ಅಡ್ಡಹೆಸರು (ಆಮಿಶ್ ಅಂದರೆ ಆಧುನಿಕ ಯಂತ್ರಗಳಿಂದ ದೂರ ಇರುವ ಇಲ್ಲಿನ ಒಂದು ಕ್ರೈಸ್ತ ಪಂಗಡ). ಅದು ಸರಿ, ಇದು ತಪ್ಪು ಹೇಗೆ ಅಂತ ಕೇಳಿದರೆ ಬೇಡ ಅನ್ನುವವರು ಸ್ವಲ್ಪ ತಡವರಿಸುತ್ತಾರೆ. ನಾನೂ ತಡವರಿಸುತ್ತೇನೆ.

ಆದರೂ ನಾನು ಬೇಡ ಅನ್ನುವವರ ಕಡೆ. ಒಂದೇ ಈಡಿಗೆ ಕೆಡವಬೇಕು, ಅದೇ ಬೇಟೆಗಾರನ ಮರ್ಯಾದೆ ಅನ್ನುವ ಹಳಬರ ಮಾತು ಕೇಳಲು ಚೆಂದ, ನನ್ನ ಕಾರಣ ಅದಲ್ಲ. ನನ್ನ ಕಾರಣ ಡ್ರೈವ್. ಜಿಂಕೆ ಎದ್ದು ಓಡುತ್ತದೆ, ಬಿಲ್ಲಿಗೆ ಕೂತವನು ಮೊದಲ ಈಡು ಹಾರಿಸುತ್ತಾನೆ, ತಪ್ಪುತ್ತದೆ. ಅಲ್ಲಿಂದ ಮುಂದೆ ಅವನ ಕಣ್ಣು ಜಿಂಕೆಯ ಹಿಂದೆಯೇ ಓಡುತ್ತದೆ, ಕೋವಿಯ ಮೂತಿಯೂ ಓಡುತ್ತದೆ. ಜಿಂಕೆಯ ಆಚೆ ಸೋವಿಕೊಂಡು ಬರುತ್ತಿರುವವರು ಇದ್ದಾರೆ ಅನ್ನುವುದು ಆ ಗಳಿಗೆಯಲ್ಲಿ ತಲೆಯಲ್ಲಿ ಇರುವುದಿಲ್ಲ. ಬೋಲ್ಟ್ ರೈಫಲ್ಲಾದರೆ ಕೈ ಹಿಂದಕ್ಕೆ ಬರಬೇಕು, ಗುರಿ ಬಿಟ್ಟು ಮತ್ತೆ ಗುರಿ ಹಿಡಿಯಬೇಕು, ಅಷ್ಟರಲ್ಲಿ ಆಚೆಯವರು ಹಾಕಿಕೊಂಡ ಕಿತ್ತಳೆ ಬಣ್ಣದ ವೆಸ್ಟ್ ಕಣ್ಣಿಗೆ ಬೀಳಬಹುದು. ಮಲೆನಾಡಿನಲ್ಲಿ ಬಿಲ್ಲಿಗೆ ಕೂತವನ ಈಡು ಸೋವುವವನಿಗೆ ಬಡಿದ ಕತೆ ಇಲ್ಲದ ಊರು ಯಾವುದು ಹೇಳು? ಆಗ ಇದ್ದದ್ದು ಒಂಟಿ ನಳಿಗೆಯ ಕೇಪಿನ ಕೋವಿ. ಅದರಲ್ಲಿ ಎರಡನೇ ಈಡಿಗೆ ಮದ್ದು ತುಂಬಿ ಗಜ ಹಾಕುವಷ್ಟರಲ್ಲಿ ಹಂದಿ ಮುಂದಿನ ಊರು ಸೇರಿರುತ್ತಿತ್ತು!

ಜಮೀನಿನ ವಿಷಯವೂ ಇದೆ, ಅದನ್ನು ಇಲ್ಲಿ ಕಮ್ಮಿ ಮಾತಾಡುತ್ತಾರೆ. ಇಲ್ಲಿನ ಕಾಡಿನಲ್ಲಿ ಹೆಚ್ಚಿನದು ಖಾಸಗಿಯವರದ್ದು. ಬೇಟೆಯಾಡದ ಮಾಲೀಕರು ಪಕ್ಕದ ಮನೆಯವನಲ್ವಾ ಅಂತ ಒಳಗೆ ಬಿಡುತ್ತಾರೆ. ಸುದ್ದಿಯಲ್ಲಿ ಕಂಡ ಥರದ ಕಪ್ಪು ರೈಫಲ್ ಹಿಡಿದವನು ಬೇಲಿ ಹತ್ತಿರ ನಿಂತರೆ ಅದೇ ಮಾಲೀಕ ಗೇಟು ಹಾಕುತ್ತಾನೆ. ಅಂದಹಾಗೆ ಮರದ ಮೇಲೆ ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ ಒಳಗೆ ಕಾಲಿಡಬೇಡ. 2020ರಿಂದ ಹೆಚ್ಚಿನ ಜಿಲ್ಲೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ ಅನ್ನುವ ಬೋರ್ಡಿನಷ್ಟೇ ಬೆಲೆ.

ಹುಚ್ಚಾ ಅಂತ ಕೇಳಿದೆಯಲ್ಲ. ಶಾಲೆಗೆ ನುಗ್ಗಿ ಗುಂಡು ಹೊಡೆಯುವವರ ಸುದ್ದಿ ಸುಳ್ಳಲ್ಲ, ಅದರ ಸಂಕಟ ಇಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ನನಗೆ ಚೆನ್ನಾಗಿ ಗೊತ್ತು. ಆದರೆ ನಿನ್ನನ್ನು ಕ್ಯಾಂಪಿಗೆ ಕರೆದವನನ್ನು ಆ ಲೆಕ್ಕಕ್ಕೆ ಸೇರಿಸಬೇಡ. 1937ರ ಒಂದು ಕೇಂದ್ರ ಕಾನೂನಿನ ಪ್ರಕಾರ ಅವನು ಕೊಳ್ಳುವ ರೈಫಲ್ಲಿನ ಮೇಲೂ ತೋಟಾದ ಮೇಲೂ ಬೀಳುವ ನೂರಕ್ಕೆ 11ರ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಲೈಸೆನ್ಸಿನ ದುಡ್ಡು ಗೇಮ್ ಕಮಿಷನ್ನಿಗೆ. ತೋಳ ಇಲ್ಲದ ಈ ಕಾಡಿನಲ್ಲಿ ಜಿಂಕೆ ಮಿತಿಮೀರಿದರೆ ಸಸಿ ಮೇಲೇಳುವುದಿಲ್ಲ, ರಸ್ತೆಯಲ್ಲಿ ಕಾರಿಗೆ ಅಡ್ಡ ಬರುವುದು ನೀನೇ ನೋಡುತ್ತೀಯ. ನಮ್ಮ ಕಡೆ ಇದು ಅರ್ಥವಾಗುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಪಿಸುಮಾತಿನ ಸಂಗತಿ. ಅಡಿಕೆಗೆ ಮಂಗ, ಗದ್ದೆಗೆ ಹಂದಿ ಬಂದರೂ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿಯಿಂದ ಗಾಳಿಗೆ ಒಂದು ಈಡು ಹಾರಿಸಿ ಹೆದರಿಸಬೇಕಷ್ಟೆ, ಚುನಾವಣೆ ಬಂದರೆ ಅದೂ ಠಾಣೆಗೆ. ಕೊಡಗಿನವರದ್ದು ಬೇರೆ ಕತೆ, ಬಿಡು. ಹಾಗಾಗಿ ಸತ್ತ ಜಿಂಕೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡ. ಅಲ್ಲಿ ನೋಡಿದವರ ಕಣ್ಣಿಗೆ ಅದು ಫಾರೆಸ್ಟ್ ಕೇಸು.

ಕ್ಯಾಂಪಿಗೆ ಹೋಗು. ಈ ವರ್ಷ ಕ್ಯಾಬಿನ್ನಿನಲ್ಲಿ ಇರು, ಒಲೆಗೆ ಸೌದೆ ಒಟ್ಟು, ಅವರು ಇಸ್ಪೀಟು ಆಡುವಾಗ ಜೊತೆ ಕೂರು. ಸುಮ್ಮನೆ ಕಾಡಿನಲ್ಲಿ ಅಡ್ಡಾಡುವುದಾದರೂ ಹೊಳೆಯುವ ಕಿತ್ತಳೆ ಬಣ್ಣದ ಟೋಪಿ, ವೆಸ್ಟ್ ಹಾಕಿಕೊಂಡೇ ಹೊರಗೆ ಬೀಳು. ಬೇಟೆಗಾರರಿಗೆ ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲ ಇರಲೇಬೇಕು ಅಂತ ನಿಯಮ, ನೀನೂ ಅಷ್ಟೇ ಹಾಕಿಕೋ. ರೈಫಲ್ ವಾದ ಅಲ್ಲೂ ಬಂದೇ ಬರುತ್ತದೆ. ನಿನ್ನನ್ನು ಕೇಳಿದರೆ ಡ್ರೈವಿನಲ್ಲಿ ಎರಡನೇ ಈಡು ಯಾರ ಕಡೆ ಹೋಗುತ್ತದೆ ಅಂತ ವಾಪಸ್ ಕೇಳು, ಅವರ ಉತ್ತರ ಏನು ಅಂತ ನನಗೂ ಬರಿ. ಲೈಸೆನ್ಸಿನ ಆಸೆ ಇದ್ದರೆ ಕೋರ್ಸಿಗೆ ಬೇಸಿಗೆಯಲ್ಲೇ ಹೆಸರು ಕೊಡು, ಬೇಟೆಯ ಕಾಲ ಹತ್ತಿರ ಬಂದಾಗ ಜಾಗ ಸಿಗುವುದು ಕಷ್ಟ.