ಹೆಬ್ಬೆರಳ ಬುಡದ ಗಂಟು

ಪ್ರಶ್ನೆ: ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಬುಡದಲ್ಲಿ ಗಂಟು ಎದ್ದಿದೆ. ಮಗ್ಗ ತುಳಿಯುವಾಗ ನೋವು. ಚಪ್ಪಲಿ ಉಜ್ಜಿ ಕೆಂಪಾಗುತ್ತದೆ. ಪಟ್ಟಿ ಕಟ್ಟಿದರೆ ನೆಟ್ಟಗಾಗುವುದೇ?
– ಓದುಗರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ನೀವು ವಿವರಿಸಿದ್ದು ಬನಿಯನ್ ಎಂಬ ತೊಂದರೆಯನ್ನು ಹೋಲುತ್ತದೆ. ಅದು ಹೊಸದಾಗಿ ಬೆಳೆದ ಎಲುಬಲ್ಲ. ಪಾದದ ಮೊದಲ ಉದ್ದೆಲುಬು ಒಳಬದಿಗೆ, ಅಂದರೆ ಇನ್ನೊಂದು ಪಾದದತ್ತ ಸರಿದು, ಹೆಬ್ಬೆರಳು ಉಳಿದ ಬೆರಳುಗಳತ್ತ ತಿರುಗಿದಾಗ ಕೀಲೇ ಹೊರಚಾಚಿ ಗಂಟಿನಂತೆ ಕಾಣುತ್ತದೆ. ಪಟ್ಟಿಯು ನೋವನ್ನು ತುಸು ತಗ್ಗಿಸಬಹುದೇ ಹೊರತು ವಾಲಿದ ಎಲುಬನ್ನು ಶಾಶ್ವತವಾಗಿ ನೆಟ್ಟಗೆ ಮಾಡದು. ಹಾಗೆ ಹೇಳಿ ಮಾರುವವರನ್ನು ದಯವಿಟ್ಟು ನಂಬಬೇಡಿ. ಮುಂಭಾಗ ಅಗಲವಿರುವ ಮೆತ್ತನೆಯ ಚಪ್ಪಲಿಯನ್ನು, ಪಾದ ತುಸು ಊದಿರುವ ಸಂಜೆಯ ಹೊತ್ತಿನಲ್ಲಿ ಹಾಕಿ ನೋಡಿ ಖರೀದಿಸಿ. ಇಷ್ಟಾದರೂ ನೋವು ನಡೆದಾಟಕ್ಕೆ ಅಡ್ಡಿಯಾದರೆ ಎಲುಬುತಜ್ಞರು ನಿಂತ ಭಂಗಿಯ ಎಕ್ಸ್‌ರೇ ತೆಗೆಸಿ, ಬೆರಳಿನ ವಾಲಿಕೆ ಸಹಜ ಮಿತಿಯಾದ 15 ಡಿಗ್ರಿಯನ್ನು ಎಷ್ಟು ಮೀರಿದೆಯೆಂದು ಅಳೆದು, ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಕೇವಲ ಅಂದಕ್ಕಾಗಿ ಅದು ಬೇಡ. ಮಧುಮೇಹವಿದ್ದು ಅಲ್ಲಿ ಚರ್ಮ ಒಡೆದರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಿ.